ಅವ್ವನ ವಯಸ್ಸು ಬರೆದವರು ಯಾರು?

ನಮ್ಮವ್ವ ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ನಮ್ಮ ಕೇರಿಯ ಹುಟ್ಟಿಗೆ ಪಂಚಾಂಗ ನೋಡುವವರು ಯಾರು? ಕೆರೆ ಒಡೆದ ವರ್ಷ, ರಾಗಿ ಕುಯ್ಲಿನ ಕಾಲ ಅಂತ ಅಜ್ಜಿ ಹೇಳೋಳು. ಆಧಾರ್ ಮಾಡಿಸುವಾಗ ಕಂಪ್ಯೂಟರಿನ ಹುಡುಗ ಅವ್ವನ ಮುಖ ನೋಡಿ 1964 ಜನವರಿ 1 ಅಂತ ಹೊಡೆದ. 2024ರ ಜನವರಿಯಲ್ಲಿ ಗುತ್ತಿಗೆದಾರನ ಮೇಸ್ತ್ರಿ ಅದೇ ತಾರೀಖು ಹಿಡಿದು, "ಅರವತ್ತಾತು ಕಣಮ್ಮಿ, ನಾಳಿಂದ ಬರಬ್ಯಾಡ" ಅಂದ.

"ನಂಗೇ ಗೊತ್ತಿಲ್ದಿರೋ ವಯಸ್ಸು ನಿಂಗೆಂಗ್ ಗೊತ್ತಾಯ್ತು ಸಾಮಿ?" ಅಂದಳು ಅವ್ವ. ಅವನು ಬೀಡಿ ಹಚ್ಚಿಕೊಂಡು ಹೋದ.

22 ವರ್ಷ ಅವ್ವ ನಮ್ಮೂರಿನ ಪೇಟೆ ಬೀದಿ ಗುಡಿಸಿದಳು. ಗುತ್ತಿಗೆದಾರರು ಏಳು ಜನ ಬದಲಾದರು. ಬೀದಿ ಬದಲಾಗಲಿಲ್ಲ, ಪೊರಕೆ ಬದಲಾಗಲಿಲ್ಲ, ಬೆಳಗಿನ ಜಾವ ಹಾಜರಿಗೆ ನಿಲ್ಲುವ ಪುರಸಭೆಯ ಬಾಗಿಲೂ ಬದಲಾಗಲಿಲ್ಲ. ಅದೇ ಬಾಗಿಲೊಳಗೆ ಸಾಹೇಬರಿಗೆ ಅರವತ್ತಾದರೆ ಹಾರ, ಶಾಲು, ಪಿಂಚಣಿ ಕಾಗದ. ಅವ್ವನಿಗೆ ಅರವತ್ತಾದಾಗ ಬಂದದ್ದು ಕೆಮ್ಮು, ಮಂಡಿನೋವು. ದೂಳು ಕುಡಿಸಿ ಮುದಿ ಮಾಡಿದವರೇ ಮುದುಕಿ ಅಂತ ಹೊರಗೆ ಹಾಕಿದರು.

ಗೆಳೆಯರೇ, ಕಾಯ್ದೆ ಏನನ್ನುತ್ತೆ ನೋಡಿ. ಸರ್ಕಾರಿ ಕೆಲಸದಲ್ಲಿ ಜಾತಿ, ಧರ್ಮ, ಲಿಂಗ, ಹುಟ್ಟಿದ ಜಾಗದ ಹೆಸರಲ್ಲಿ ಭೇದ ಕೂಡದು ಅನ್ನುತ್ತದೆ ಸಂವಿಧಾನದ 16ನೇ ವಿಧಿ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಮುಪ್ಪಿನಲ್ಲಿ ನೆರವಾಗಿ ಅಂತ ಸರ್ಕಾರಕ್ಕೆ ಹೇಳುತ್ತದೆ 41ನೇ ವಿಧಿ. ಆದರೆ ಅದನ್ನೇ ಹಿಡಿದು ಕೋರ್ಟಿನಲ್ಲಿ ಜಾರಿ ಮಾಡಿಸುವಂತಿಲ್ಲ.

ಕೈಗೆ ಸಿಗುವ ಹಕ್ಕು ಒಂದಿದೆ: ಗ್ರಾಚ್ಯುಟಿ. 1972ರ ಕಾಯ್ದೆ ಕೊಟ್ಟದ್ದು. 2025 ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಐದು ವರ್ಷ ಬಿಡದೆ ದುಡಿದು ಕೆಲಸ ಬಿಟ್ಟವರಿಗೆ, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಕೂಲಿ. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದಲೂ ದುಡಿದ ವರ್ಷಗಳಿಂದಲೂ ಗುಣಿಸಬೇಕು. ಅವ್ವನ ಕೊನೆಯ ಸಂಬಳ 13,000 ರೂಪಾಯಿ. 22 ವರ್ಷಕ್ಕೆ 1,65,000. ಇದು ಭಿಕ್ಷೆಯಲ್ಲ, ಹಿಡಿದಿಟ್ಟುಕೊಂಡ ಕೂಲಿ.

ಕೇಳಿದರೆ ಗುತ್ತಿಗೆದಾರ, "ನನ್ನತ್ರ ಎರಡೇ ವರ್ಷ" ಅಂತಾನೆ. ಪುರಸಭೆ, "ನಮ್ಮ ನೌಕರಳೇ ಅಲ್ಲ" ಅನ್ನುತ್ತದೆ. ಹಾಗಾದರೆ ಆ 22 ವರ್ಷ ಬೀದಿ ಗುಡಿಸಿದ್ದು ಗಾಳಿಯೇ? ಐದು ವರ್ಷ ತುಂಬದ ಹಾಗೆ ಗುತ್ತಿಗೆ ಬದಲಾಗುತ್ತಲೇ ಇದ್ದರೆ ಕಾಯ್ದೆ ಇದ್ದೂ ಸತ್ತಂತೆ.

ಅವ್ವ ಹೆಬ್ಬೆಟ್ಟೊತ್ತಿದ ಅರ್ಜಿ ಕಾರ್ಮಿಕ ಇಲಾಖೆಯ ಅಧಿಕಾರಿಯ ಮೇಜಿನ ಮೇಲಿದೆ. ಜೊತೆಗಿಟ್ಟದ್ದು ಬಣ್ಣ ಹೋದ ಗುರುತಿನ ಚೀಟಿ, ಪಿಎಫ್ ನಂಬರು, ಸಂಬಳ ಬಿದ್ದ ಪಾಸ್‌ಬುಕ್ಕು. ಅಲ್ಲಿ ಬೇರೆ ಸಾಕ್ಷಿ ಯಾರು ಹೇಳ್ತಾರೆ?

ಮೇಷ್ಟ್ರೇ, ಓದೋ ಹುಡುಗರೇ, ಒಂದು ಭಾನುವಾರ ನಿಮ್ಮೂರ ಕೇರಿ ಜಗಲಿ ಮೇಲೆ ಕೂತ್ಕೊಳ್ಳಿ. ಪೊರಕೆ ಹಿಡಿದ ಹಿರಿಯರನ್ನು ಕರೆಯಿರಿ. ಯಾವ ವರ್ಷ, ಯಾವ ಬೀದಿ, ಯಾವ ಗುತ್ತಿಗೆದಾರ, ಎಷ್ಟು ಕೂಲಿ, ಎಲ್ಲ ಬರೆಯಿರಿ. ಹುಟ್ಟಿದ ವರ್ಷ ಸಿಗದಿದ್ದರೆ ಬಿಡಿ. ದುಡಿದ ವರ್ಷ ಒಂದೂ ಬಿಡಬೇಡಿ.