ಮನೆ ಬಾಡಿಗೆಗೆ ಕೊಡಲಾಗುವುದು

ತಿಪಟೂರಿಗೆ ವರ್ಗವಾಗಿ ಬಂದ ಹೈಸ್ಕೂಲು ಮೇಷ್ಟರೊಬ್ಬರು ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ವಸತಿಗೃಹದ ಒಂದು ಕೋಣೆಯಲ್ಲಿ ಇಳಿದುಕೊಂಡರು. ಬೆಂಗಳೂರಿನಲ್ಲಾದರೆ ಬಾಡಿಗೆಯ ಮಾತೆತ್ತಿದೊಡನೆ ಎದೆ ಝಲ್ಲೆನ್ನುತ್ತದೆ. ಸಣ್ಣ ಊರಿನಲ್ಲಿ ಒಂದು ವಾರದೊಳಗೆ ಮನೆ ಸಿಕ್ಕೀತೆಂಬುದು ಅವರ ಎಣಿಕೆ.

ಮನೆಗಳೇನೋ ಇದ್ದವು. ಬಾಡಿಗೆಯೂ ಅವರ ಸಂಬಳಕ್ಕೆ ಎಟಕುವಂತಿತ್ತು. ಕೆಲವರು ಕೇಳಿದ ಮುಂಗಡ ಮಾತ್ರ ಭಾರಿಯಾಗಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಸಲ್ಲದೆನ್ನುತ್ತದೆ. ಆದರೆ ರಾಜ್ಯವು ಅದನ್ನು ತನ್ನದಾಗಿಸಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಮಾದರಿಗಳ ಪಾಡು ಏನೆಂಬುದು ಶಾಲೆಯ ಮೇಷ್ಟರಿಗೆ ತಿಳಿಯದ್ದಲ್ಲ.

ಒಂದು ಮನೆ ಅವರಿಗೆ ಬಹಳ ಹಿಡಿಸಿತು. ಹೆಂಚಿನ ಮನೆ, ಹಿತ್ತಲಲ್ಲಿ ನಾಲ್ಕು ತೆಂಗಿನ ಮರ, ಶಾಲೆ ಕೂಗಳತೆಯಲ್ಲಿ. ಯಜಮಾನರು ಕಾಫಿ ತರಿಸಿದರು. ಮಕ್ಕಳೆಷ್ಟು, ಸ್ವಂತ ಊರು ಯಾವುದು ಎಂದು ವಿಚಾರಿಸಿದರು. ಕೊನೆಗೆ, ಏನೋ ಮರೆತದ್ದು ನೆನಪಾದವರಂತೆ, "ತಾವು ಯಾವ ಪೈಕಿ?" ಎಂದರು.

ಮೇಷ್ಟರು ನಿಜವನ್ನೇ ಹೇಳಿದರು.

ಯಜಮಾನರ ಮುಖದ ನಗೆ ಮಾಯವಾಗಲಿಲ್ಲ; ಅಷ್ಟರಮಟ್ಟಿಗೆ ಅವರು ಸಭ್ಯರು. ಮನೆಯನ್ನು ನಿನ್ನೆಯೇ ಬೇರೊಬ್ಬರಿಗೆ ಒಪ್ಪಿಕೊಂಡದ್ದು ಮಾತ್ರ ಅವರಿಗೆ ಥಟ್ಟನೆ ಜ್ಞಾಪಕಕ್ಕೆ ಬಂದಿತು. ಗೇಟಿನ ಮೇಲಿನ ಹಲಗೆ ಮರುದಿನವೂ ಇತ್ತು, ಮರುವಾರವೂ ಇತ್ತು. ಮೇಷ್ಟರು ದಿನಕ್ಕೆರಡು ಬಾರಿ ಅದರ ಮುಂದೆಯೇ ಹಾದುಹೋಗಬೇಕಾಗಿತ್ತು.

ಯಜಮಾನರ ಮೊಮ್ಮಗ ಎಂಟನೆಯ ತರಗತಿಯಲ್ಲಿ ಮೇಷ್ಟರ ವಿದ್ಯಾರ್ಥಿ. ಒಂದು ದಿನ ಪುಸ್ತಕ ಹಿಡಿದು ಮೇಜಿನ ಬಳಿಗೆ ಬಂದು, "ಸಾರ್, ನೀವು ಇನ್ನೂ ಲಾಡ್ಜಿನಲ್ಲೇ ಇದ್ದೀರಂತೆ. ನಮ್ಮ ಮನೆ ಖಾಲಿ ಇದೆ ಸಾರ್, ಬಂದುಬಿಡಿ" ಎಂದ. ಮೇಷ್ಟರು ಒಂದು ಕ್ಷಣ ಸುಮ್ಮನಿದ್ದು, "ಲೆಕ್ಕ ಮುಗಿಯಿತೇನೋ?" ಎಂದು ಕೇಳಿದರು.

ಅಷ್ಟರಲ್ಲಿ ಆಷಾಢ ಹಿಡಿಯಿತು. ಆ ತಿಂಗಳಲ್ಲಿ ಮನೆ ಬದಲಾಯಿಸುವವರಿಲ್ಲ, ಕೊಡುವವರೂ ವಿರಳ. ಆದರೂ ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿ, ತಮ್ಮ ಮನೆಯ ಅರ್ಧ ಭಾಗವನ್ನು ತೋರಿಸಿದರು. ಆಕೆಗೆ ಗಂಡನಿಲ್ಲ, ಬಾಡಿಗೆಯಲ್ಲಿಯೇ ಜೀವನ. ಆಷಾಢವೆಂದು ಮೇಷ್ಟರೇ ಸಂಕೋಚಪಟ್ಟಾಗ, "ಆಷಾಢ ಅಂತ ಹಾಲಿನವನು ದುಡ್ಡು ಬಿಡ್ತಾನಾ ಮೇಷ್ಟ್ರೇ?" ಎಂದುಬಿಟ್ಟರು. ಮೇಷ್ಟರು ಈ ಬಾರಿ ಕೇಳುವ ಮೊದಲೇ ತಮ್ಮ ಜಾತಿಯನ್ನು ಹೇಳಿದರು. ಮುದುಕಿ ಸ್ವಲ್ಪ ಹೊತ್ತು ಬಾವಿಯ ಕಡೆ ನೋಡುತ್ತ ನಿಂತರು. ಅವರು ಏನನ್ನು ತೂಗಿ ನೋಡಿದರೋ ಹೇಳುವುದು ಕಷ್ಟ. "ಅಟ್ಟ ಮಾತ್ರ ನಂದು. ಕೆಳಗೆಲ್ಲ ನಿಮ್ಮದು" ಎಂದರು.

ಅಟ್ಟದ ತುಂಬ ತೆಂಗಿನಕಾಯಿ. ಆ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವುದು ಹಾಗೆಯೇ: ಬಲಿತ ಕಾಯನ್ನು ಒಡೆಯದೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದ ಮೇಲಿಡುತ್ತಾರೆ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಮೇಷ್ಟರ ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ, ಛಾಪಾ ಕಾಗದ ಬರೆಯುವವರು ಕೇಳದೆಯೇ ಹನ್ನೊಂದು ಎಂದು ಬರೆದುಬಿಡುತ್ತಾರೆ.

ಹನ್ನೊಂದನೆಯ ತಿಂಗಳು ಮುಗಿಯುವ ದಿನ ಮುದುಕಿ ಏಣಿ ಹಾಕಿಸಿಕೊಂಡು ಬಂದರು. ಮೇಷ್ಟರ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಮುದುಕಿ ಮೇಲಿನಿಂದ ಒಂದು ಕಾಯನ್ನು ಇಳಿಸಿಕೊಂಡು, ಕಿವಿಯ ಬಳಿ ಹಿಡಿದು ಅಲುಗಾಡಿಸಿದರು.

"ಇನ್ನೂ ನೀರಿದೆ. ಇರಲಿ ಬಿಡು" ಎಂದು ಅದನ್ನು ಮತ್ತೆ ಮೇಲಕ್ಕೆ ಕಳಿಸಿದರು. ಕರಾರಿನ ಮಾತು ಎತ್ತಲೇ ಇಲ್ಲ.