ಮನೆಯ ಮನಸ್ಸು

ಮೈಸೂರು ನಗರಕ್ಕೆ ವಿದ್ಯುದ್ದೀಪವು ಬಂದುದು ೧೯೦೮ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ಶಕ್ತಿಯು ೧೯೦೨ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಗಿ, ೧೯೦೫ರಲ್ಲಿ ಬೆಂಗಳೂರನ್ನು ಬೆಳಗಿಸಿ, ಆಮೇಲೆ ಅರಮನೆಯ ಊರಿಗೆ ದಯಮಾಡಿಸಿತು. ಈ ಚರಿತ್ರೆಯು ವಾಚಕರಿಗೆ ತಿಳಿಯದುದಲ್ಲ. ಆದರೆ ಅದರಲ್ಲಿ ಅಡಗಿರುವ ಒಂದು ಸಣ್ಣ ಸಂಗತಿಯನ್ನು ನಾವು ಗಮನಿಸುವುದು ಅಪರೂಪ. ಶಕ್ತಿಯು ಎಷ್ಟೋ ಹರದಾರಿಗಳ ದೂರದಿಂದ ಬಂದರೂ, ದೀಪವನ್ನು ಹೊತ್ತಿಸಬೇಕೋ ಬೇಡವೋ ಎಂಬ ಇಚ್ಛೆಯು ಗೋಡೆಯ ಗುಂಡಿಯ ಬಳಿ ನಿಂತವನದೇ ಆಗಿತ್ತು. ನೂರು ವರ್ಷಕ್ಕೂ ಮಿಕ್ಕಿ ಹಾಗೆಯೇ ನಡೆದುಬಂದಿತು. ಈಗ ಅನೇಕ ಮನೆಗಳಲ್ಲಿ ಹಾಗಿಲ್ಲ. ನನ್ನ ಮನೆಯಲ್ಲಿಯೂ ಕೆಲವು ಕಾಲ ಹಾಗಿರಲಿಲ್ಲ.

ದೀಪ, ಬಾಗಿಲು, ಪಂಪು, ಮೀಟರು ಮೊದಲಾದ ಜಡವಸ್ತುಗಳಿಗೆ ಅರಿವಿನ ಅಂಶವನ್ನಿತ್ತು ಅವುಗಳನ್ನು ಒಂದಕ್ಕೊಂದು ಹೆಣೆಯುವ ಪದ್ಧತಿಗೆ ೧೯೯೯ರಲ್ಲಿ ಕೆವಿನ್ ಆಷ್ಟನ್ ಎಂಬಾತನು 'ಇಂಟರ್ನೆಟ್ ಆಫ್ ಥಿಂಗ್ಸ್' ಎಂದು ಹೆಸರಿಟ್ಟನು. ನಾವು ಇದನ್ನು ವಸ್ತುಜಾಲವೆನ್ನೋಣ. ಸಂಸ್ಕೃತ ಪಾಠಶಾಲೆಯಲ್ಲಿ ಸಾಂಖ್ಯವನ್ನು ಅಷ್ಟಿಷ್ಟು ಓದಿದ ನನಗೆ ಇದು ಹೊಸ ಮಾತಾಗಿ ತೋರಲಿಲ್ಲ. ಶಾಖವನ್ನೋ ಬೆಳಕನ್ನೋ ಹೆಜ್ಜೆಯ ಸಪ್ಪಳವನ್ನೋ ಗ್ರಹಿಸುವ ಸೆನ್ಸರುಗಳು ಜ್ಞಾನೇಂದ್ರಿಯಗಳು. ದೀಪವನ್ನು ಹೊತ್ತಿಸುವ, ಕವಾಟವನ್ನು ಮುಚ್ಚುವ ಯಂತ್ರಗಳು ಕರ್ಮೇಂದ್ರಿಯಗಳು. ಇವೆರಡರ ನಡುವೆ ನಿಂತು, ಕಂಡುದನ್ನು ತೂಗಿ, ಮಾಡತಕ್ಕದ್ದನ್ನು ಹೇಳುವ ಹನ್ನೊಂದನೆಯ ಇಂದ್ರಿಯವೇ ಮನಸ್ಸು. ಹಾಗಾದರೆ ಈ ಹೊಸ ಮನೆಗಳ ಮನಸ್ಸು ಎಲ್ಲಿ ವಾಸಿಸುತ್ತದೆ? ಬಹುಮಟ್ಟಿಗೆ ಅದು ಮನೆಯಲ್ಲಿಲ್ಲ. ದೂರದೇಶದಲ್ಲಿ, ಸಾವಿರಾರು ಗಣಕಗಳನ್ನು ಸಾಲಾಗಿ ಜೋಡಿಸಿದ ಯಾವುದೋ ಕಟ್ಟಡದಲ್ಲಿದೆ. ಇದಕ್ಕೆ 'ಕ್ಲೌಡ್', ಅಂದರೆ ಮೇಘ, ಎಂದು ಹೆಸರು. ಕಾಳಿದಾಸನ ಯಕ್ಷನು ತನ್ನ ಮೇಘಕ್ಕೆ ಒಪ್ಪಿಸಿದ್ದು ಒಂದೇ ಸಂದೇಶ. ಈ ಮೇಘಕ್ಕೆ ಹಗಲಿರುಳೂ ವಿಶ್ರಾಂತಿಯಿಲ್ಲ.

ನಮ್ಮ ಮನೆಗೆ ಈ ವ್ಯವಸ್ಥೆಯನ್ನು ತಂದವನು ಅಮೆರಿಕದಲ್ಲಿರುವ ಮಗ. ನನ್ನ ಮನೆಯವರಿಗೆ ಮೊಣಕಾಲು ನೋವು. ರಾತ್ರಿ ಎರಡು ಮೂರು ಬಾರಿ ಏಳಬೇಕಾಗುತ್ತದೆ. ಆಕೆ ಕಾಲಿಟ್ಟೊಡನೆ ನಡುಮನೆಯ ದೀಪ ತಾನಾಗಿ ಹೊತ್ತಿಕೊಳ್ಳುವಂತೆಯೂ, ಬಾಗಿಲು ತೆರೆದರೆ, ಅಡುಗೆಮನೆಯಲ್ಲಿ ಗ್ಯಾಸು ಸೋರಿದರೆ ತನಗೆ ವರ್ತಮಾನ ಹೋಗುವಂತೆಯೂ ಏರ್ಪಡಿಸಿ ಹೋದನು. ಏಳೆಂಟು ತಿಂಗಳು ಎಲ್ಲವೂ ಸೊಗಸಾಗಿತ್ತು. ಒಂದು ರಾತ್ರಿ ನಮ್ಮ ಬೀದಿಯನ್ನು ಅಗೆದವರ ಪಿಕಾಸಿಗೆ ಸಿಕ್ಕಿ ಅಂತರಜಾಲದ ತಂತಿ ತುಂಡಾಯಿತು. ವಿದ್ಯುತ್ತು ಇತ್ತು, ದೀಪವಿತ್ತು, ಹೆಜ್ಜೆಯನ್ನು ಅರಿಯುವ ಕಣ್ಣು ಇತ್ತು. ಆದರೂ ದೀಪ ಹೊತ್ತಲಿಲ್ಲ. ಬಚ್ಚಲಿಗೆ ಹೊರಟ ಆಕೆ ಕತ್ತಲೆಯಲ್ಲಿ ಗೋಡೆ ಹಿಡಿದು ನಿಂತಲ್ಲಿಯೇ ನಿಂತು ನನ್ನನ್ನು ಕೂಗಿದಳು. ಅತ್ತ ಮಗನಿಗೆ ಮನೆಯ ಸುದ್ದಿಯೆಲ್ಲ ಒಮ್ಮೆಲೆ ನಿಂತುಹೋದುದರಿಂದ ಗಾಬರಿಯಾಗಿ ನೆರೆಮನೆಯವರಿಗೆ ಫೋನು ಮಾಡಿದನು. ಅರ್ಧರಾತ್ರಿಯಲ್ಲಿ ಅವರು ಬಂದು "ಮೇಷ್ಟ್ರೇ, ಮೇಷ್ಟ್ರೇ" ಎಂದು ಬಾಗಿಲು ಬಡಿದಾಗ ನನಗೆ ಆದ ಸಂಕೋಚವನ್ನು ಬರೆಯಲಾರೆ. ಆಕೆ ಬೀಳಲಿಲ್ಲ, ಅದು ನಮ್ಮ ಪುಣ್ಯ.

ದೀಪಕ್ಕೂ ಅದರ ಕಣ್ಣಿಗೂ ನಡುವಣ ದೂರ ಆರು ಮೊಳ. ಆದರೆ ಕಣ್ಣು ಕಂಡುದು ಮೊದಲು ಮೇಘಕ್ಕೆ ಹೋಗಿ, ಅಲ್ಲಿ ತೀರ್ಮಾನವಾಗಿ, ಆಜ್ಞೆ ಸಮುದ್ರ ದಾಟಿ ಹಿಂದಿರುಗಬೇಕಾಗಿತ್ತು. ಇದನ್ನು ನನಗೆ ಬಿಡಿಸಿ ಹೇಳಿದವಳು ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ತಂಗಿಯ ಮಗಳು. "ಬೆಂಕಿಗೆ ಬೆರಳು ತಗುಲಿದರೆ ತಲೆಯ ಅಪ್ಪಣೆಗೆ ಕೈ ಕಾಯುತ್ತದೆಯೇ ಮಾವ?" ಎಂದು ಆಕೆ ಕೇಳಿದಳು. ಕಾಯುವುದಿಲ್ಲ. ಬೆನ್ನುಹುರಿಯ ಮಟ್ಟದಲ್ಲಿಯೇ ತೀರ್ಮಾನವಾಗಿ ಕೈ ಹಿಂದಕ್ಕೆ ಬರುತ್ತದೆ. ಸುಟ್ಟಿತೆಂಬ ಅರಿವು ತಲೆಗೆ ಮುಟ್ಟುವುದು ಅನಂತರ. ಯಂತ್ರಗಳಲ್ಲಿಯೂ ಹೀಗೆ ವಿವೇಚನೆಯನ್ನು ವಸ್ತುವಿನ ಬಳಿಗೇ ತರುವ ಪ್ರಯತ್ನಕ್ಕೆ 'ಎಡ್ಜ್' ಎಂದೂ, ವಸ್ತುವಿಗೂ ಮೇಘಕ್ಕೂ ನಡುವೆ ನಿಲ್ಲುವ ಏರ್ಪಾಟಿಗೆ 'ಫಾಗ್', ಎಂದರೆ ಮಂಜು, ಎಂದೂ ಹೇಳುವರಂತೆ. ಈ ಎರಡನೆಯ ಹೆಸರು ೨೦೧೨ರ ಸುಮಾರಿಗೆ ಸಿಸ್ಕೋ ಕಂಪೆನಿಯವರಿಂದ ಪ್ರಚಾರಕ್ಕೆ ಬಂದಿತು. ಮೋಡವು ನೆಲಕ್ಕೆ ಇಳಿದರೆ ಮಂಜಲ್ಲದೆ ಇನ್ನೇನು? ಹೆಸರಿಟ್ಟವನು ರಸಿಕನಿರಬೇಕು.

ಈ ವಿಚಾರದ ಬೇರು ಇನ್ನೂ ಹಳೆಯದು. ೧೯೬೪ರಲ್ಲಿ ಅಮೆರಿಕದ ರಾಂಡ್ ಸಂಸ್ಥೆಯ ಪಾಲ್ ಬಾರನ್ ಎಂಬ ವಿದ್ವಾಂಸನು, ಅಣುಯುದ್ಧವಾದರೂ ಅಳಿಯದಂಥ ಸಂದೇಶಜಾಲವನ್ನು ಕುರಿತು ಬರೆಯುತ್ತ ಮೂರು ಚಿತ್ರಗಳನ್ನು ಕೊಟ್ಟನು. ಮೊದಲನೆಯದು ಗಾಡಿಯ ಚಕ್ರದಂತೆ: ಅರೆಕಾಲುಗಳೆಲ್ಲ ಒಂದೇ ಗುಂಬಕ್ಕೆ ಸೇರುತ್ತವೆ, ಗುಂಬ ಒಡೆದರೆ ಎಲ್ಲವೂ ಹೋಯಿತು. ಎರಡನೆಯದರಲ್ಲಿ ಸಣ್ಣ ಗುಂಬಗಳು ಹಲವು. ಮೂರನೆಯದು ಮೀನಿನ ಬಲೆಯಂತೆ, ಪ್ರತಿಯೊಂದು ಗಂಟಿಗೂ ಸುತ್ತಣ ಗಂಟುಗಳೇ ನೆಂಟರು. ನಾಲ್ಕು ಕಡೆ ಹರಿದರೂ ಸುದ್ದಿ ಬೇರೆ ದಾರಿಯಲ್ಲಿ ಸಾಗುತ್ತದೆ. ಅಂತರಜಾಲವು ಮೂರನೆಯ ಚಿತ್ರದ ಆಸೆಯಿಂದ ಬೆಳೆದುದು. ಅದರ ಮೇಲೆ ಕಟ್ಟಿದ ವಸ್ತುಜಾಲವು ಮತ್ತೆ ಮೊದಲನೆಯ ಚಿತ್ರಕ್ಕೇ ಮರಳಿತೆಂಬುದು ಸೋಜಿಗ.

ಬಾರನ್ನನ ಚಿತ್ರಗಳನ್ನು ನೋಡಿದಾಗ ನನಗೆ ನೆನಪಾದುದು ನಾನು ಉಪಾಧ್ಯಾಯನಾಗಿದ್ದ ಹಳ್ಳಿಯ ಕೆರೆ. ನಮ್ಮ ನಾಡಿನ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇರುವುವು; ಮೇಲಿನದರ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತದೆ. ಪ್ರತಿಯೊಂದು ಕೆರೆಗೂ ನೀರಗಂಟಿಯೊಬ್ಬನಿದ್ದನು. ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅಲ್ಲಿಯೇ ನಿಂತು ನೋಡಿ ಮಾಡುತ್ತಿದ್ದನು. ತಾಲ್ಲೂಕು ಕಚೇರಿಯ ಹುಕುಮಿಗೆ ಕಾದಿದ್ದರೆ ಪೈರು ಒಣಗುತ್ತಿತ್ತು. ಯಂತ್ರದಲ್ಲಿಯೂ ಇದಕ್ಕೆ ಮೇಲ್ಪಂಕ್ತಿಯುಂಟು. ೧೯೦೩ರಲ್ಲಿ ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಕಟ್ಟೆಗೆ ಹೂಡಿಸಿದ ಬಾಗಿಲುಗಳು, ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಯಾರ ಕೈಯೂ ಇಲ್ಲದೆ ತೆರೆದುಕೊಂಡು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದುವು.

ಎಲ್ಲಕ್ಕೂ ಕೇಂದ್ರವು ಕೆಟ್ಟದ್ದೆಂದು ನಾನು ಹೇಳುವವನಲ್ಲ. ೨೦೧೨ರಲ್ಲಿ ನಮ್ಮ ನಗರದ ಬಸ್ಸುಗಳು ತಾವು ಇರುವ ಎಡೆಯನ್ನು ಒಂದು ನಿಯಂತ್ರಣ ಕೊಠಡಿಗೆ ತಿಳಿಸಿ, ಅಲ್ಲಿಂದ ತಂಗುದಾಣದ ಫಲಕಗಳಿಗೆ ಸುದ್ದಿ ಬರುವ ಏರ್ಪಾಟಾಯಿತು. ಬಸ್ಸು ಒಂದು ಕಡೆ, ಕಾಯುವವನು ಒಂದು ಕಡೆ ಇರುವಲ್ಲಿ ನಡುವೆ ಒಂದು ಕೊಠಡಿ ಬೇಕೇ ಬೇಕು. ಅದೇ ದಶಕದಲ್ಲಿ ವಾಣೀವಿಲಾಸ ಮೊಹಲ್ಲದ ಕಡೆ ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕ ಗ್ರಾಹಕರನ್ನು ಸೇರಿಸಿಕೊಂಡು ಚಾಮುಂಡೇಶ್ವರಿ ವಿದ್ಯುತ್ ನಿಗಮದವರು 'ಸ್ಮಾರ್ಟ್ ಗ್ರಿಡ್' ಎಂಬ ಪ್ರಯೋಗವನ್ನು ಕೈಗೊಂಡರು; ದೂರದಿಂದಲೇ ಓದಿಕೊಳ್ಳಬಹುದಾದ ಮೀಟರುಗಳು ಅದರ ಒಂದು ಅಂಗ. ಈಗ ಅನೇಕರ ತಾರಸಿಗಳ ಮೇಲೆ ಸೂರ್ಯಶಕ್ತಿಯ ಫಲಕಗಳಿವೆ. ಮೀಟರು ಬಂದ ವಿದ್ಯುತ್ತನ್ನೂ ಹೋದ ವಿದ್ಯುತ್ತನ್ನೂ ಎಣಿಸುತ್ತದೆ. ಶಿವನಸಮುದ್ರದಿಂದ ಬರುತ್ತಿದ್ದ ಶಕ್ತಿಯು ಹೀಗೆ ತಾರಸಿಗೆ ಬಂದಿರುವಾಗ, ಮನೆಯಲ್ಲಿದ್ದ ಇಚ್ಛೆಯು ವರ್ಜೀನಿಯಾಕ್ಕೆ ಹೊರಟುಹೋದುದು ವಿಪರೀತವಲ್ಲವೇ?

ವರ್ಜೀನಿಯಾ ಎಂದುದು ಬರಿಯ ಅಲಂಕಾರಕ್ಕಲ್ಲ. ೨೦೨೫ರ ಅಕ್ಟೋಬರ್ ೨೦ರಂದು ಅಲ್ಲಿಯ ಅಮೆಜಾನ್ ಕಂಪೆನಿಯ ಗಣಕಸಮೂಹದಲ್ಲಿ ತೊಂದರೆಯುಂಟಾದಾಗ, ಪ್ರಪಂಚದ ಎಷ್ಟೋ ಮನೆಗಳ ಬಾಗಿಲ ಗಂಟೆ, ಕ್ಯಾಮೆರಾ, ಕಡೆಗೆ ಯಂತ್ರಯುಕ್ತ ಹಾಸಿಗೆಗಳು ಕೂಡ ಹೇಳಿದ ಮಾತು ಕೇಳದೆ ಹೋದುವು. ಇನ್ನೊಂದು ಬಗೆಯ ಕಷ್ಟವೂ ಉಂಟು. ರಿವಾಲ್ವ್ ಎಂಬ ಗೃಹಯಂತ್ರವನ್ನು ಕೊಂಡಿದ್ದವರಿಗೆ ೨೦೧೬ರ ಮೇ ತಿಂಗಳಲ್ಲಿ ಅದು ನಿಷ್ಪ್ರಯೋಜಕವಾಯಿತು. ಯಂತ್ರ ಕೆಟ್ಟುದರಿಂದಲ್ಲ, ಆ ಕಂಪೆನಿಯನ್ನು ಕೊಂಡ ನೆಸ್ಟ್ ಕಂಪೆನಿಯವರು ಅದರ ಮನಸ್ಸಾಗಿದ್ದ ದೂರದ ಗಣಕವನ್ನು ನಿಲ್ಲಿಸಿದುದರಿಂದ. ಹಣ ಕೊಟ್ಟು ದೇಹವನ್ನು ಕೊಂಡವನು ಆತ್ಮವನ್ನು ಬಾಡಿಗೆಗೆ ಪಡೆದಿದ್ದನೆಂದಾಯಿತು!

ನಮ್ಮ ಮನೆಯ ರೋಗಕ್ಕೆ ಸೋದರಸೊಸೆಯೇ ಮದ್ದು ಮಾಡಿದಳು. ನಿತ್ಯಪೂಜೆಯ ಪುಸ್ತಕದಷ್ಟು ದೊಡ್ಡದಾದ ಒಂದು ಗಣಕವನ್ನು ತಂದು ಗೂಡಿನಲ್ಲಿ ಇಟ್ಟಳು. ಅದರಲ್ಲಿ ನಡೆಯುವ ತಂತ್ರಾಂಶ 'ಹೋಮ್ ಅಸಿಸ್ಟೆಂಟ್', ೨೦೧೩ರಿಂದ ಅನೇಕರು ಕೂಡಿ ಬೆಳೆಸಿ ಎಲ್ಲರಿಗೂ ಉಚಿತವಾಗಿ ಬಿಟ್ಟಿರುವುದು. ದೀಪಗಳನ್ನೂ ಸೆನ್ಸರುಗಳನ್ನೂ ಬದಲಾಯಿಸಿ 'ಜಿಗ್‌ಬೀ' ಎಂಬ ಜಾತಿಯವನ್ನು ಹಾಕಿದಳು. ಇವುಗಳ ಸೊಗಸೆಂದರೆ, ಯಾವಾಗಲೂ ವಿದ್ಯುತ್ತಿಗೆ ಸೇರಿಕೊಂಡಿರುವ ದೀಪಗಳು ಒಂದರ ಮಾತನ್ನೊಂದು ಮುಂದಕ್ಕೆ ಮುಟ್ಟಿಸುತ್ತವೆ. ಹಿತ್ತಿಲ ಬಾಗಿಲಿನ ಸುದ್ದಿಯು ಅಡುಗೆಮನೆಯ ದೀಪದ ಮೂಲಕ ಗೂಡಿಗೆ ಬರುತ್ತದೆ. ಬ್ಯಾಟರಿಯ ಮೇಲೆ ಬದುಕುವ ಬಡಪಾಯಿಗಳಿಗೆ ಮಾತ್ರ ಈ ಕೆಲಸ ಇಲ್ಲ. ಅವು ತಮ್ಮ ಮಾತು ಹೇಳಿ ನಿದ್ದೆಹೋಗುತ್ತವೆ. ಪರೀಕ್ಷೆಗೆಂದು ಆಕೆ ಅಂತರಜಾಲದ ತಂತಿಯನ್ನು ಕಿತ್ತಳು. ನನ್ನ ಮನೆಯವರು ನಡುಮನೆಯಲ್ಲಿ ಹೆಜ್ಜೆಯಿಟ್ಟರು, ದೀಪ ಹೊತ್ತಿತು.

ಹಂಚಿಹೋದ ಮಾತ್ರಕ್ಕೆ ಸುರಕ್ಷಿತವಾಯಿತೆಂದು ತಿಳಿಯುವುದೂ ಸಲ್ಲ. ೨೦೧೬ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನೇ ಹಾಗೆಯೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ ಮುಂತಾದುವನ್ನು ವಶಮಾಡಿಕೊಂಡು ಅವುಗಳಿಂದ ಅಂತರಜಾಲಕ್ಕೇ ದಾಳಿಯಿಡಿಸಿತು. ನೂರು ಮನೆಗೆ ನೂರು ಮನಸ್ಸಾದರೆ ನೂರು ಬೀಗ ಬೇಕು, ಬೀಗ ಹಾಕುವ ಅಭ್ಯಾಸವೂ ಬೇಕು. ಇನ್ನು ಕೆಲವರು ಯಜಮಾನನೇ ಇಲ್ಲದ ವಸ್ತುಸಮಾಜವನ್ನು ಕಟ್ಟಹೊರಟಿದ್ದಾರೆ. ೨೦೧೫ರಲ್ಲಿ ಐಬಿಎಂ ಮತ್ತು ಸ್ಯಾಮ್ಸಂಗ್ ಕಂಪೆನಿಗಳು ಕೂಡಿ, ತನಗೆ ಬೇಕಾದ ಸೋಪುಪುಡಿಯನ್ನು ತಾನೇ ತರಿಸಿಕೊಳ್ಳುವ ಬಟ್ಟೆ ಒಗೆಯುವ ಯಂತ್ರವನ್ನು ತೋರಿಸಿದುವು; ಅದರ ವ್ಯವಹಾರವು 'ಬ್ಲಾಕ್‌ಚೈನ್' ಎಂಬ ಲೆಕ್ಕದಲ್ಲಿ ನಡೆಯಿತು. ಶಾನುಭೋಗರ ಖಾತೆ ಒಂದೇ ಇದ್ದರೆ ತಿದ್ದುವುದು ಸುಲಭ. ಊರಿನ ಮನೆಮನೆಯಲ್ಲಿಯೂ ಅದರ ಪ್ರತಿಯಿದ್ದರೆ ಕಷ್ಟ. ಇದರ ತತ್ತ್ವ ಇಷ್ಟೇ. ಪರಸ್ಪರ ನಂಬಿಕೆಯಿಲ್ಲದ ಅಪರಿಚಿತರ ನಡುವೆ ಇದು ಒಳ್ಳೆಯದೇ ಇರಬಹುದು. ಆದರೆ ಅಷ್ಟು ಪ್ರತಿಗಳನ್ನು ಹೊರುವ ತ್ರಾಣ ಸಣ್ಣ ಸೆನ್ಸರಿಗೆ ಎಲ್ಲಿಂದ ಬರಬೇಕು? ನಡುಮನೆಯ ದೀಪಕ್ಕಂತೂ ಖಾತೆಯ ಅವಶ್ಯಕತೆ ನನಗೆ ಕಾಣದು.

ಮದ್ದು ಫಲಿಸಿದ ಮೇಲೆ ನಾನು ನೆನೆಯದಿದ್ದ ಪ್ರಶ್ನೆಯೊಂದು ಎದ್ದಿತು. ಇಷ್ಟು ದಿನ ಮನೆಯ ಸಕಲ ವರ್ತಮಾನವೂ ತಾನಾಗಿ ಮಗನಿಗೆ ಹೋಗುತ್ತಿತ್ತು. ಈಗ ಏನು ಕಳುಹಿಸಬೇಕೆಂಬುದನ್ನು ನಾವೇ ಹೇಳಬೇಕು. ಸೋದರಸೊಸೆ ಪಟ್ಟಿ ಹಿಡಿದು ಒಂದೊಂದಾಗಿ ಕೇಳಿದಳು. ನನ್ನ ಮನೆಯವರು, ಅದುವರೆಗೆ ಈ ವಿಷಯದಲ್ಲಿ ಬಾಯಿ ತೆರೆಯದಿದ್ದವರು, "ರಾತ್ರಿ ನಾನು ಎಷ್ಟು ಸಲ ಎದ್ದೆ ಅನ್ನೋದು ಅವನಿಗೆ ಯಾಕೆ?" ಎಂದರು. ಆ ದಿನ ಮಗನಿಗೆ ಫೋನಿನಲ್ಲಿ ತಿಳಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ಅಲ್ಲಿ ಇರೋದಕ್ಕಂತೂ ಆಗಲಿಲ್ಲ, ನೋಡೋದೂ ಬೇಡವೇ?" ಎಂದನು. ಅದಕ್ಕೆ ಉತ್ತರ ಕೊಡಲು ನನಗೆ ನ್ಯಾಯಶಾಸ್ತ್ರವು ನೆರವಾಗಲಿಲ್ಲ. ಫೋನನ್ನು ಆಕೆಯ ಕೈಗೆ ಕೊಟ್ಟೆನು. ತಾಯಿಮಕ್ಕಳ ಮಾತು ಬಹಳ ಹೊತ್ತು ನಡೆಯಿತು.

ಕಡೆಗೆ ಹೀಗೆ ಗೊತ್ತಾಯಿತು. ಗ್ಯಾಸು ಸೋರಿದರೆ ಆ ಕ್ಷಣವೇ ಅವನಿಗೂ ನೆರೆಮನೆಗೂ ಸುದ್ದಿ. ಬೆಳಗ್ಗೆ ಎಂಟು ಗಂಟೆಯಾದರೂ ಅಡುಗೆಮನೆಯಲ್ಲಿ ಹೆಜ್ಜೆಯ ಸಂಚಾರ ಕಾಣದಿದ್ದರೆ ಅವನಿಗೆ ಸುದ್ದಿ. ಗೂಡಿನ ಗಣಕದ ಮಾತೇ ನಿಂತುಹೋದರೆ ನೆರೆಮನೆಗೆ ಓಡದೆ ಮೊದಲು ನಮ್ಮ ಫೋನಿಗೇ ಕರೆ ಮಾಡತಕ್ಕದ್ದು. ಮಿಕ್ಕುದೆಲ್ಲವೂ ಗೂಡಿನಲ್ಲಿಯೇ ಉಳಿದು ಒಂದು ವಾರದಲ್ಲಿ ಅಳಿಸಿಹೋಗತಕ್ಕದ್ದು. ಅವನು ಒಪ್ಪಿದನು, ಮನಃಪೂರ್ವಕವಾಗಿಯೋ ತಾಯಿಯ ದಾಕ್ಷಿಣ್ಯಕ್ಕೋ ನಾನು ವಿಚಾರಿಸಲಿಲ್ಲ. ಆಮೇಲೆ ಅವನು ಭಾನುವಾರಗಳಲ್ಲಿ ಮಾತ್ರವಲ್ಲದೆ ಬುಧವಾರವೂ ಕರೆ ಮಾಡುತ್ತಿದ್ದಾನೆ.

ಉಳಿದಿರುವುದು ಒಂದು ತೊಡಕು. ಗೂಡಿನ ಗಣಕದ ಮರ್ಮವನ್ನು ಬಲ್ಲವಳು ಸೋದರಸೊಸೆಯೊಬ್ಬಳೇ. ಆಕೆಗೆ ಮುಂದಿನ ವರ್ಷ ಪುಣೆಗೆ ವರ್ಗವಾಗಬಹುದೆಂದು ಮಾತು. ಆದುದರಿಂದ ಪ್ರತಿ ತಿಂಗಳೂ ಮಾಡತಕ್ಕ ಕೆಲಸಗಳನ್ನು ಆಕೆಯಿಂದ ಹೇಳಿಸಿಕೊಂಡು, ನಾನು ಒಂದು ರೂಲು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಟ್ಟು, ಪಂಚಾಂಗದ ಪಕ್ಕದಲ್ಲಿ ಇಟ್ಟಿದ್ದೇನೆ. ಹದಿನಾಲ್ಕು ಪುಟವಾಗಿದೆ. ಬ್ಯಾಟರಿ ಬದಲಾಯಿಸುವ ಪುಟವನ್ನು ನನ್ನ ಮನೆಯವರು ಆಗಲೇ ಕಲಿತಿದ್ದಾರೆ.