ಗಾಡಿ ನಿಂತ ಕೂಡಲೇ ಫ್ರಿಜ್ ಬಂದ್ ಆಗ್ತಿತ್ತು

ಗಾಡಿಯಾಗ 12 ವೋಲ್ಟ್ ಫ್ರಿಜ್ ಇಟ್ಟು ಹಾಲು, ಮೊಸರು, ಪನೀರ್ ಕಲಬುರಗಿಗೆ ಒಯ್ಯುವವರು ಇದನ್ನ ಪೂರಾ ಓದ್ರಿ. ಬ್ಯಾಟರಿ ಬದಲಿ ಮಾಡೋ ಮೊದಲು ಓದ್ರಿ.

ನಮ್ಮ ಫ್ರಿಜ್ ಒಂದು ವಿಚಿತ್ರ ಆಟ ಹಚ್ಚಿತ್ತು. ಕಮಲಾಪುರ ಬಿಟ್ಟು ಕಲಬುರಗಿ ಮುಟ್ಟೋತನಕ ಛಲೋ ಥಂಡ ಇರೋದು. ಊರೊಳಗ ಗಾಡಿ ನಿಲ್ಲಿಸಿ ಮನಿ ಮನಿಗೆ ಕೊಡಾಕ ಹತ್ತಿದ್ರ ಹತ್ತು ನಿಮಿಷದಾಗ ಬಂದ್. ಡಬ್ಬಿ ಮ್ಯಾಲ ‘ಇ1’ ಅಂತ ತೋರಿಸೋದು. ಫ್ರಿಜ್ ಜೊತೆ ಬಂದ ಪುಸ್ತಕದಾಗ ಅದರ ಅರ್ಥ ವೋಲ್ಟೇಜ್ ಕಡಿಮೆ ಅಂತ ಅದ. ಮೇ ತಿಂಗಳ ಬಿಸಲು ನಿಮಗ ಹೇಳೋದೇನದ. ಒಂದು ದಿನ ಮೊಸರು ಹುಳಿಯಾಗಿ ನಾಲ್ಕು ಮನಿಯವರು ವಾಪಸ್ ಕೊಟ್ಟರು. ಅದರಾಗ ಒಬ್ಬರು ಮತ್ತ ತಗೋಳಲೇ ಇಲ್ಲ.

ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಾಗ ತೋರಿಸಿದೆ. ಹುಡುಗ ಮೀಟರ್ ಇಟ್ಟೂ ನೋಡಲಿಲ್ಲ. "ಕಾಕಾ, ಬ್ಯಾಟರಿ ಹೋಗ್ಯದ, ಹೊಸದು ಹಾಕಿಸ್ರಿ" ಅಂದ. "ಇರಲಿ ತಮ್ಮಾ, ವಿಚಾರ ಮಾಡಿ ಬರ್ತೀನಿ" ಅಂದು ಬಂದೆ. ಯಾಕಂದ್ರ ಬ್ಯಾಟರಿ ಹೋಗಿದ್ರ ಮುಂಜಾನೆ ಗಾಡಿ ಒಂದೇ ಸೆಲ್ಫಿಗೆ ಹ್ಯಾಂಗ ಚಾಲೂ ಆಗ್ತದ?

ಮನಿಗೆ ಬಂದು ಮೀಟರ್ ಹಿಡಿದು ಕೂತೆ. ಫ್ರಿಜ್ ಬಂದ್ ಇದ್ದಾಗ ಬ್ಯಾಟರಿ ಮ್ಯಾಲ 12.6 ವೋಲ್ಟ್. ಇದನ್ನ ನೋಡಿ ಎಲ್ಲಾ ಸರಿ ಅದ ಅನ್ನಬಾರದು. ಕಂಪ್ರೆಸರ್ ಓಡುವಾಗ ಅಳೀಬೇಕು, ಅದೂ ಎರಡೂ ತುದಿಗೆ. ಎಂಜಿನ್ ಬಂದ್ ಮಾಡಿ ಫ್ರಿಜ್ ಹಚ್ಚಿದೆ. ಬ್ಯಾಟರಿ ಹತ್ತಿರ 12.3, ಫ್ರಿಜ್ಜಿನ ಸಾಕೆಟ್ಟಿಗೆ ಬರೋ ವಯರ್ ತುದಿಗೆ 11.6, ಸಾಕೆಟ್ ದಾಟಿ ಫ್ರಿಜ್ ಬುಡಕ್ಕೆ 11.2. ನಡುವ 1.1 ವೋಲ್ಟ್ ಕಳದು ಹೋಗ್ಯದ. ಸಾಕೆಟ್ ಮುಟ್ಟಿದರ ಕೈ ಸುಡೋ ಹಂಗ ಬಿಸಿ.

ಬೋರ್‌ವೆಲ್ ಮೋಟರ್ ಇದ್ದವರಿಗೆ ಇದು ಹೊಸದಲ್ಲ. ಟಿಸಿ ದೂರ ಇದ್ದು ಸಣ್ಣ ಕೇಬಲ್ ಎಳದ್ರ ಮೋಟರ್ ಗುಂಯ್ ಅಂತದ, ನೀರು ಎತ್ತಂಗಿಲ್ಲ. ಇಲ್ಲೂ ಅದೇ. ಫಿಟಿಂಗ್ ಮಾಡಿದವರು 1.5 ಎಂಎಂ ವಯರ್ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಒಯ್ದು, ಅಲ್ಲಿಂದ ಹಿಂದ ತಂದಿದ್ದರು. ಹೋಗೋದು ಆರು ಮೀಟರ್, ಬರೋದು ಆರು, ಒಟ್ಟು ಹನ್ನೆರಡು. ಅಷ್ಟು ಉದ್ದದ ಆ ವಯರಿನಾಗ 5 ಆಂಪ್ ಹರಿದ್ರ ಸುಮಾರು 0.7 ವೋಲ್ಟ್ ವಯರೇ ತಿಂತದ. ಮನಿ 230 ವೋಲ್ಟಿನಾಗ 1 ವೋಲ್ಟ್ ಹೋದ್ರ ಗೊತ್ತೇ ಆಗಂಗಿಲ್ಲ. 12ರಾಗ ಹೋದ್ರ ಆಟ ಮುಗೀತು. ಎಂಜಿನ್ ನಡದಾಗ ಆಲ್ಟರ್ನೇಟರ್ 14ರ ಹತ್ತಿರ ಕೊಡ್ತದ, ಅದಕ್ಕ ದಾರ್ಯಾಗ ಕಳ್ಳ ಸಿಗಲಿಲ್ಲ.

ಈಗ ಮಾಡಿದ್ದು: 6 ಎಂಎಂ ತಾಮ್ರದ ವಯರ್, ಬ್ಯಾಟರಿಯಿಂದ ನೇರ ಹಿಂದಕ್ಕ, ನಾಲ್ಕೇ ಮೀಟರ್. ಬ್ಯಾಟರಿ ಪ್ಲಸ್ ಹತ್ತಿರವೇ 15 ಆಂಪ್ ಫ್ಯೂಸ್. ಇದನ್ನ ಬಿಡಬ್ಯಾಡ್ರಿ, ವಯರ್ ತಿಕ್ಕಿ ಬಾಡಿಗೆ ತಾಗಿದ್ರ ಗಾಡಿಗೇ ಬೆಂಕಿ. ಸಿಗರೇಟ್ ಸಾಕೆಟ್ ಕಿತ್ತು ಇ-ರಿಕ್ಷಾದವರು ಹಾಕೋ ದಪ್ಪ ಕನೆಕ್ಟರ್ ಹಾಕಿದೆ. ಮೈನಸ್ಸಿಗೂ ಅದೇ ದಪ್ಪ ವಯರ್. ಈಗ ಕಂಪ್ರೆಸರ್ ಓಡುವಾಗ ಫ್ರಿಜ್ ಬುಡಕ್ಕೆ 12.1 ಸಿಗ್ತದ. ಬ್ಯಾಟರಿ ಹಳೇದೇ.

ಇನ್ನೊಂದು. ಇಂಥ ಬಹಳ ಫ್ರಿಜ್ಜಿನಾಗ ಬ್ಯಾಟರಿ ಕಾಯೋ ಸೆಟ್ಟಿಂಗ್ ಹೈ, ಮೀಡಿಯಂ, ಲೋ ಅಂತ ಮೂರು ಇರ್ತಾವ. ‘ಲೋ’ಕ್ಕ ಇಟ್ಟರೂ ಫ್ರಿಜ್ ಓಡ್ತದ ಅಂತ ಕೆಲವರು ಹೇಳ್ತಾರ. ಓಡ್ತದ ಖರೆ, ಆದ್ರ ಗಾಡಿ ಚಾಲೂ ಮಾಡೋ ಬ್ಯಾಟರಿಯನ್ನೇ ಹಿಂಡ್ತದ, ಆಮ್ಯಾಲ ನೂಕೋ ಮಂದಿ ಹುಡುಕಬೇಕು. ನಾ ‘ಹೈ’ದಾಗೇ ಇಟ್ಟೀನಿ.

ಬಿಸಲಾಗ ಕಂಪ್ರೆಸರಿಗೆ ಬಿಡುವೇ ಇರಂಗಿಲ್ಲ. ಜಾಲರಿ ಕಡೆ ನಾಲ್ಕು ಬೆರಳು ಜಾಗ ಬಿಡ್ರಿ, ಗೋಣಿಚೀಲ ಒತ್ತಬ್ಯಾಡ್ರಿ. ಮನ್ಯಾಗೇ ತಂಪು ಮಾಡಿದ ಮಾಲು ತುಂಬ್ರಿ. ಬೆಚ್ಚಗಿನ ಹಾಲು ಇಟ್ಟರ ಅದನ್ನ ತಣಿಸೋದ್ರಾಗೇ ಬ್ಯಾಟರಿ ಅರ್ಧ ಆಗ್ತದ. ಮತ್ತ ಜಾಗ ಉಳದದ ಅಂತ ನಮ್ಮ ಕೆಂಪು ಬಾಳೆ ಅದರಾಗ ತುರುಕಬ್ಯಾಡ್ರಿ, 13 ಡಿಗ್ರಿ ಕೆಳಗ ಹೋದ್ರ ಸಿಪ್ಪಿ ಕರ್ರಗಾಗ್ತದ, ಗಿರಾಕಿ ಕೊಳತದ ಅಂತಾರ.

ಮೀಟರ್ ನಮ್ಮ ಮನ್ಯಾಗ ಅದ. ಕಮಲಾಪುರ ಸುತ್ತಮುತ್ತ ಯಾರ ಗಾಡಿಗೆ ಈ ತೊಂದರೆ ಇದ್ದರೂ ಸಂಜಿ ಮುಂದ ಬರ್ರಿ. ಫ್ರಿಜ್ ಖಾಲಿ ತರಬ್ಯಾಡ್ರಿ, ಎರಡು ಲೀಟರ್ ನೀರು ಇಟ್ಟು ತರ್ರಿ, ಕಂಪ್ರೆಸರ್ ಓಡ್ತಿದ್ದರೇ ಅಳಿಯಾಕ ಬರೋದು.